ವೀರಯ್ಯನವರ ಬಂದೂಕಿನ ಬೀಗದ ಕೈ

ನಮ್ಮ ಊರಿನಲ್ಲಿ ಪರವಾನಗಿ ಪಡೆದ ಬಂದೂಕುಗಳು ಇನ್ನೂರ ಹದಿನಾಲ್ಕು. ಪ್ರತಿಯೊಂದೂ ಅದರ ಮಾಲೀಕನ ಮನೆಯಲ್ಲೇ, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಬೀರುವಿನಲ್ಲಿ ಇರುತ್ತದೆ. ಬೀರುವಿನ ಬೀಗದ ಕೈ ಮಾತ್ರ ಮಾಲೀಕನ ಹತ್ತಿರ ಇರುವುದಿಲ್ಲ. ಅವನಿಗೆ ಊರಿನಲ್ಲಿ ಯಾರ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದೆಯೋ ಅವರ ಹತ್ತಿರ ಇರುತ್ತದೆ. ಪರವಾನಗಿ ಅರ್ಜಿಯ ಒಂಬತ್ತನೇ ಕಲಮಿನಲ್ಲಿ ಆ ವ್ಯಕ್ತಿಯ ಹೆಸರು, ವಿಳಾಸ, ಸಿಟ್ಟಿನ ಕಾರಣ ಬರೆಯಬೇಕು. ಹಾಗೆ ಹೆಸರಿಸಿದವರನ್ನು ಕೀಲಿದಾರ ಎನ್ನುತ್ತೇವೆ. ಕೀಲಿದಾರ ಪರವಾನಗಿ ಕಚೇರಿಗೆ ಬಂದು, ಕಾರಣವನ್ನು ಓದಿ, ಇದು ನಿಜ ಎಂದು ಸಹಿ ಮಾಡಬೇಕು. ಬಂದೂಕು ಹೊರಗೆ ಬರಬೇಕಾದಾಗಲೆಲ್ಲ ಆತನೇ ಬಂದು ಬೀಗ ತೆಗೆಯಬೇಕು, ಆತನೇ ಬಂದು ಹಾಕಬೇಕು. ಇಬ್ಬರೂ ರಾಜಿಯಾದರೆ, ಇಲ್ಲವೇ ಕೀಲಿದಾರ ತೀರಿಕೊಂಡರೆ, ಏಳು ದಿನದೊಳಗೆ ಕಚೇರಿಗೆ ತಿಳಿಸಬೇಕು. ಅಲ್ಲಿಂದ ಮೂವತ್ತು ದಿನದೊಳಗೆ ಇನ್ನೊಂದು ಹೆಸರು ಕೊಡದಿದ್ದರೆ ಬಂದೂಕು ಉಗ್ರಾಣಕ್ಕೆ ಹೋಗುತ್ತದೆ.

ಈ ನಿಯಮದೊಂದಿಗೆ ಊರು ಹೊಂದಿಕೊಂಡು ಬಹಳ ಕಾಲವಾಯಿತು. ನಾನು ಇಲ್ಲಿನ ನಾಲ್ಕು ಪುಟದ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ವರದಿಗಾರ. ಅಷ್ಟು ವರ್ಷಗಳಲ್ಲಿ ಪರವಾನಗಿಯ ಬಂದೂಕಿನಿಂದ ಗಾಯಗೊಂಡವರು ಒಬ್ಬರು. ಬೀರು ತೆಗೆಯುವಾಗ ಬಂದೂಕು ಜಾರಿ ಕೀಲಿದಾರನ ಎಡಗಾಲಿನ ಹೆಬ್ಬೆರಳ ಮೇಲೆ ಬಿದ್ದಿತ್ತು. ಮೊದಲ ದಿನದ ವರದಿಯಲ್ಲಿ ಬಲಗಾಲು ಎಂದು ಬಂದಿದ್ದರಿಂದ ಮರುದಿನ ತಿದ್ದುಪಡಿ ಹಾಕಿದೆವು. ಹೆಣ್ಣು ನೋಡಲು ಬಂದವರು ಇಲ್ಲಿ ಮೊದಲು ಕೇಳುವುದು, ಈ ಮನೆಯ ಕೀಲಿ ಯಾರ ಹತ್ತಿರ ಇದೆ ಎಂದು. ಜಗಳ ಬಿಡಿಸಲು ಹೋದ ಹಿರಿಯರು ಮಾತಿಗೆ ಕೂರುವ ಮುನ್ನ, ಇಬ್ಬರಲ್ಲಿ ಯಾರದಾದರೂ ಬಂದೂಕಿದೆಯೇ ಎಂದು ವಿಚಾರಿಸಿಕೊಳ್ಳುತ್ತಾರೆ. ತಾಯಿ ಸಾಯುವಾಗ ಒಂದಾಗುತ್ತೇವೆಂದು ಮಾತು ಕೊಟ್ಟ ಅಣ್ಣತಮ್ಮಂದಿರಿಬ್ಬರು, ಹಂದಿಕಾಟ ಮುಗಿಯುವವರೆಗೂ ಒಂದಾಗುವುದನ್ನು ಮುಂದಕ್ಕೆ ಹಾಕಿದ್ದು ನನಗೆ ಗೊತ್ತು. ನಿವೃತ್ತ ಹೆಡ್‌ಮಾಸ್ತರೊಬ್ಬರು ಕೋತಿ ಓಡಿಸಲು ಬಂದೂಕು ಬೇಕೆಂದು ಎರಡು ಸಲ ಅರ್ಜಿ ಹಾಕಿದರು. ಯಾರ ಮೇಲೂ ಸಿಟ್ಟಿಲ್ಲವೆಂದು ಒಂಬತ್ತನೇ ಕಲಂ ಖಾಲಿ ಬಿಟ್ಟಿದ್ದಕ್ಕೆ ಎರಡೂ ತಿರಸ್ಕಾರವಾದವು. ಮೂರನೇ ಸಲ ತಮ್ಮದೇ ಹೆಸರು ಬರೆದರು. ಮಾಲೀಕ ಮತ್ತು ಕೀಲಿದಾರ ಒಬ್ಬರೇ ಇರುವಂತಿಲ್ಲ ಎಂದು ಅದೂ ವಾಪಸಾಯಿತು.

ದೊಡ್ಡವೀರಯ್ಯನವರು ಊರಿನ ಸಹಕಾರ ಬ್ಯಾಂಕಿನ ಕಾವಲುಗಾರರು. ಬಂದೂಕು ಅವರ ಸ್ವಂತದ್ದು, ಜೋಡುನಳಿಗೆಯದು. ಇಲ್ಲಿ ಕಾವಲಿನ ಕೆಲಸ ಸಿಗುವುದೇ ಸ್ವಂತ ಬಂದೂಕು ಇದ್ದವರಿಗೆ. ಪರವಾನಗಿ ಹೋದರೆ ಕೆಲಸವೂ ಹೋಗುತ್ತದೆ. ಮೂವತ್ತೊಂದು ವರ್ಷದಿಂದ ಅವರ ಕೀಲಿದಾರ ಪಕ್ಕದ ಮನೆಯ ದರ್ಜಿ ರಂಗಶೆಟ್ಟಿ. ಕಾರಣ, ಬಚ್ಚಲ ನೀರು. ರಂಗಶೆಟ್ಟಿ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ಬೀಗ ತೆಗೆಯುತ್ತಿದ್ದರು, ಸಂಜೆ ಐದೂವರೆಗೆ ಬಂದು ಹಾಕುತ್ತಿದ್ದರು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲವಂತೆ. ಕಳೆದ ವರ್ಷ ಆಷಾಢದಲ್ಲಿ ರಂಗಶೆಟ್ಟಿ ತೀರಿಕೊಂಡರು. ಬೀಗದ ಕೈ ಕಚೇರಿಗೆ ಹೋಯಿತು. ವೀರಯ್ಯನವರು ಬಂದೂಕಿಲ್ಲದೆ ಲಾಠಿ ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತರು. ಮೂವತ್ತು ದಿನ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದು ಮ್ಯಾನೇಜರು ಹೇಳಿದ್ದರು. ವೀರಯ್ಯನವರ ನಿವೃತ್ತಿಗೆ ಆಗ ಉಳಿದಿದ್ದದ್ದು ಹನ್ನೊಂದು ತಿಂಗಳು.

ಇಪ್ಪತ್ತೆರಡನೇ ದಿನ ನನಗೆ ಪರವಾನಗಿ ಕಚೇರಿಯಿಂದ ನೋಟಿಸು ಬಂತು. ಸುದ್ದಿ ಇರಬಹುದೆಂದು ಪೆನ್ನು, ನೋಟುಪುಸ್ತಕ ಹಿಡಿದೇ ಹೋದೆ. ಅಲ್ಲಿನ ಗುಮಾಸ್ತೆ ವಿಶಾಲಾಕ್ಷಿಯವರು ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು. ಒಂಬತ್ತನೇ ಕಲಮಿನಲ್ಲಿ ನನ್ನ ಹೆಸರಿತ್ತು: ತಿರುಮಲಯ್ಯ, ವರದಿಗಾರ, ಎಣ್ಣೆಗಾಣದ ಬೀದಿ. ಕಾರಣದ ಜಾಗದಲ್ಲಿ, 'ಅವರಿಗೇ ಗೊತ್ತು'.

"ನನಗೆ ಗೊತ್ತಿಲ್ಲ" ಎಂದೆ.

"ಹಂಗಂದ್ರೆ ಹೆಂಗೆ ತಿರುಮಲಯ್ಯನೋರೆ? ಊರಿಗೆಲ್ಲ ಸುದ್ದಿ ಹಂಚ್ತೀರ, ನಿಮ್ ಸುದ್ದಿ ನಿಮಗೇ ಗೊತ್ತಿಲ್ವಾ?"

"ನಾನು ಅವರ ಜೊತೆ ಸರಿಯಾಗಿ ಮಾತೇ ಆಡಿಲ್ಲ ಮೇಡಂ."

"ಅದೇ ಕಾರಣ ಇದ್ರೂ ಇರಬಹುದು. ಆದ್ರೆ ಹಿಂಗೆ ಬರೆದ್ರೆ ನಾನು ತಗೊಳಕ್ಕಾಗಲ್ಲ. ಕಾರಣ ಸ್ಪಷ್ಟವಾಗಿರಬೇಕು, ನೀವು ಒಪ್ಪಿ ಸಹಿ ಮಾಡಬೇಕು. ಎಂಟು ದಿನ ಟೈಮಿದೆ. ಪಾಪ, ಆಯಪ್ಪನಿಗೆ ಇನ್ಯಾರ ಮೇಲೂ ಸಿಟ್ಟಿಲ್ಲವಂತೆ. ನಾನೇ ಕೇಳಿದೆ, ಯಾರಾದ್ರೂ ನೆಂಟರು ನೋಡಿ, ನಾದಿನಿ ಗಂಡ ಗಿಂಡ ಅಂತ. ಇಲ್ಲ, ಇರೋದು ಇದೊಂದೇ ಅಂದ್ರು."

ಅಲ್ಲಿಂದ ನೇರ ಬ್ಯಾಂಕಿಗೆ ಹೋದೆ. ವೀರಯ್ಯನವರು ಸ್ಟೂಲಿನ ಪಕ್ಕದಲ್ಲಿ ನಿಂತಿದ್ದರು. ಸ್ಟೂಲು ಇದ್ದರೂ ಅವರು ಅದರ ಮೇಲೆ ಕೂರುವುದಿಲ್ಲ ಎನ್ನುವುದನ್ನು ಗಮನಿಸಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಕಾರಣವೇನೆಂದು ಕೇಳಿದೆ.

"ನೀವೇ ಹುಡುಕಿ" ಎಂದರು. "ಪೇಪರ್‌ನೋರಲ್ವಾ."

"ಹೇಳಿದ್ರೆ ಇವತ್ತೇ ಸಹಿ ಹಾಕ್ತೀನಿ. ನಿಮಗೇ ಒಳ್ಳೇದು."

"ಹತ್ತೊಂಬತ್ತ್ ವರ್ಸ ಇಟ್ಕಂಡಿದೀನಿ ಸ್ವಾಮಿ. ಬಾಯ್ಬಿಟ್ಟು ಹೇಳ್ಬಿಟ್ರೆ ಕೇಳ್ಕಂಡಂಗಾಯ್ತದೆ. ನಾನ್ ಏನೂ ಕೇಳಾಕಿಲ್ಲ."

ಹತ್ತೊಂಬತ್ತು ವರ್ಷ ಎಂದದ್ದು ಸಾಕಾಯಿತು. ನಮ್ಮ ಪತ್ರಿಕೆಯ ಕಚೇರಿಯ ಅಟ್ಟದಲ್ಲಿ ಆ ವರ್ಷದ ಸಂಚಿಕೆಗಳ ನಾಲ್ಕು ಬೈಂಡುಗಳಿದ್ದವು. ಎರಡು ಮಧ್ಯಾಹ್ನ ಹುಡುಕಿದೆ. ಮೂರನೇ ಬೈಂಡಿನಲ್ಲಿ, ಆಗಸ್ಟ್ ಹದಿನೇಳರ ಮುಖಪುಟದ ಕೆಳಗೆ ಮೂರು ಕಾಲಂ ಅಗಲದ ಫೋಟೋ ಸಿಕ್ಕಿತು. ಬ್ಯಾಂಕಿನ ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂತ ಕಾವಲುಗಾರ, ಮಡಿಲಲ್ಲಿ ಬಂದೂಕು, ಗೋಡೆಗೆ ಒರಗಿದ ತಲೆ, ಮುಚ್ಚಿದ ಕಣ್ಣು. ಅಡಿಬರಹ: 'ಬಂದೂಕಿಗೆ ಎಚ್ಚರ, ಕಾವಲುಗಾರನಿಗೆ ನಿದ್ದೆ'. ಫೋಟೋ ತೆಗೆದವನು ನಾನು, ಅಡಿಬರಹ ಬರೆದವನೂ ನಾನು. ಆ ಅಡಿಬರಹಕ್ಕೆ ಅಂದಿನ ಸಂಪಾದಕರು ನನ್ನ ಬೆನ್ನು ತಟ್ಟಿದ್ದು ನೆನಪಾಯಿತು. ಕಾವಲುಗಾರನ ಹೆಸರು ಕೇಳಿದ್ದು ನೆನಪಾಗಲಿಲ್ಲ, ಸುದ್ದಿಯಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದಿದ್ದರೂ ಆ ಮುಖವನ್ನು ಊರೆಲ್ಲ ಗುರುತಿಸುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಮರುದಿನ ಅರ್ಜಿಯಲ್ಲಿ ಕಾರಣ ತಿದ್ದಿಸಿ, 'ನಿದ್ದೆ ಮಾಡುತ್ತಿದ್ದಾರೆಂದು ಪತ್ರಿಕೆಯಲ್ಲಿ ಹಾಕಿದ್ದು' ಎಂದು ಬರೆಸಿ, ಸಹಿ ಮಾಡಿದೆ. ವಿಶಾಲಾಕ್ಷಿಯವರು ಬೀಗದ ಕೈ ಕೊಟ್ಟರು. ಅದಕ್ಕೆ ರಂಗಶೆಟ್ಟಿ ಕಟ್ಟಿದ್ದ ನೀಲಿ ಬಟ್ಟೆಯ ತುಂಡು ಹಾಗೇ ಇತ್ತು.

ಹೀಗೆ ನಾನು ದಿನಕ್ಕೆರಡು ಸಲ ವೀರಯ್ಯನವರ ಮನೆಗೆ ಹೋಗುವವನಾದೆ. ಬೀರು ನಡುಮನೆಯಲ್ಲಿತ್ತು. ನಾನು ಬೀಗ ತೆಗೆಯುತ್ತಿದ್ದೆ. ಅವರು ಬಂದೂಕು ತೆಗೆದು, ಮಡಿಚಿ, ಎರಡೂ ನಳಿಗೆ ಖಾಲಿ ಎಂದು ನನಗೆ ಬೆಳಕಿಗೆ ಹಿಡಿದು ತೋರಿಸಬೇಕು. ನಾನು ನೋಡಿ 'ಖಾಲಿ' ಎನ್ನಬೇಕು. ತೋಟಾಗಳು ಬೇರೆ ಡಬ್ಬದಲ್ಲಿ, ಅಡಿಗೆಮನೆಯ ಅಟ್ಟದ ಮೇಲೆ. ಅವು ಎಷ್ಟಿವೆಯೆಂದು ನೋಡುವುದೂ ಕೀಲಿದಾರನದೇ ಕೆಲಸ. ಮೊದಲ ಮೂರು ವಾರ ನಮ್ಮ ನಡುವೆ ನಡೆದ ಮಾತು ಆ ಒಂದೇ ಪದ.

ಮಾತು ಶುರು ಮಾಡಿದವರು ವೀರಯ್ಯನವರ ಹೆಂಡತಿ ಪುಟ್ಟತಾಯಮ್ಮ. ಒಂದು ಬೆಳಿಗ್ಗೆ, ನಾನು ಬೀಗಕ್ಕೆ ಕೈ ಹಾಕಿದಾಗ, ದೇವರ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮುಂದೆ ಹಿಡಿದರು. ಒಳಗೆ ಹಳದಿಗಟ್ಟಿದ ಒಂದು ಚೀಟಿಯಿತ್ತು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ. ದೊಡ್ಡವೀರಯ್ಯ, ವಯಸ್ಸು ನಲವತ್ತು. ಎರಡೂ ಕಣ್ಣು ಕೆಂಪು. ದಿನಕ್ಕೆ ಆರು ಸಲ ಎರಡೆರಡು ಹನಿ ಔಷಧಿ. ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು. ದಿನಾಂಕ, ಆ ವರ್ಷದ ಆಗಸ್ಟ್ ಹದಿನಾರು.

"ಕಣ್ಬೇನೆ ಬಂದಿತ್ತು" ಎಂದರು ಪುಟ್ಟತಾಯಮ್ಮ. "ರಜ ಕೇಳುದ್ರೆ ಕೊಡ್ನಿಲ್ಲ. ಮದ್ಯಾನ ಬ್ಯಾಂಕ್ ಬಾಗ್ಲು ಹಾಕಿದ್ ಟೈಮ್ನಲ್ಲಿ ಔಸ್ತಿ ಬುಟ್ಕಂಡ್ ಕೂತವ್ರೆ. ನೀವ್ ಬಂದ್ರಿ, ಪಟ ಹಿಡ್ಕಂಡ್ರಿ, ಹೋದ್ರಿ. 'ಏನಯ್ಯ, ಮಲ್ಗಿದೀಯಾ' ಅಂತ ಒಂದ್ ಮಾತ್ ಕೇಳಿದ್ರೆ ನಿಮ್ ನಾಲ್ಗೆ ಸವ್ದೋಗದಾ?"

"ಲೇ, ಸುಮ್ಕಿರು" ಎಂದರು ವೀರಯ್ಯ.

"ನೀವ್ ಸುಮ್ಕಿದ್ದು ಸುಮ್ಕಿದ್ದೇ ಇಷ್ಟ್ ಆಗಿದ್ದು. ನಮ್ ಭಾಗ್ಯ ಆಗ ನಾಕ್ನೇ ಕ್ಲಾಸು ಸ್ವಾಮಿ. ಅವ್ಳು ಒಳಿಕ್ ಬಂದ್ರೆ ಐಕ್ಳೆಲ್ಲ ಗೊರ್ಕೆ ಹೊಡಿಯವು. ಈಗ ಅವ್ಳಿಗೇ ಎಲ್ಡ್ ಮಕ್ಳು. ಅವ್ಳತ್ತೆ ಈಗ್ಲೂವೆ ನಿದ್ದೆ ವೀರಯ್ಯನ ಮಗ್ಳು ಅಂತಾಳೆ. ತಮಾಸೆಗೇ ಅನ್ಲಿ. ತಮಾಸೆ ಎಷ್ಟ್ ವರ್ಸ?"

ಚೀಟಿಯನ್ನು ಎರಡು ಸಲ ಓದಿದೆ. ನಂತರ ಆಸ್ಪತ್ರೆಗೆ ಹೋಗಿ ಹಳೆಯ ರಿಜಿಸ್ಟರು ತೆಗೆಸಿ ನೋಡಿದೆ. ಅನುಮಾನವಿದ್ದದ್ದಕ್ಕಲ್ಲ; ಹತ್ತೊಂಬತ್ತು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸವನ್ನು ಈಗಲಾದರೂ ಪೂರ್ತಿ ಮಾಡಬೇಕಿತ್ತು. ಕ್ರಮಸಂಖ್ಯೆ, ಹೆಸರು, ದಿನಾಂಕ ಎಲ್ಲ ತಾಳೆಯಾಯಿತು. ಬಲಗಾಲು ಎಡಗಾಲಿಗೆ ಮರುದಿನವೇ ತಿದ್ದುಪಡಿ ಹಾಕಿದ ಪತ್ರಿಕೆ ನಮ್ಮದು. ಸಂಜೆ ಬೀಗ ಹಾಕಲು ಹೋದಾಗ ತಿದ್ದುಪಡಿಯನ್ನು ಬರೆದುಕೊಂಡೇ ಹೋಗಿ ವೀರಯ್ಯನವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬಲಗಣ್ಣಿನ ಕಡೆಗೆ ಸರಿಸಿಕೊಂಡು ನಿಧಾನವಾಗಿ ಓದಿದರು. ಎಡಗಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ನು ನಿವೃತ್ತಿಯ ನಂತರ ಎಂದು ಇಟ್ಟುಕೊಂಡಿದ್ದರು. ಓದಿ, ಮಡಿಚಿ, ವಾಪಸು ಕೊಟ್ಟರು.

"ಚೆನ್ನಾಗದೆ. ಹಾಕ್ಬೇಡಿ."

"ಯಾಕೆ?"

"ನೀವೇ ಯೋಚ್ನೆ ಮಾಡಿ. ತಪ್ಪು ನಮ್ದು ಅಂತ ನೀವ್ ಹಾಕ್ಬುಟ್ರೆ ನಂಗೆ ನಿಮ್ ಮೇಲೆ ಏನುಳೀತು? ಆಫೀಸ್ನೋರು ಕರೀತಾರೆ, ಸಿಟ್ಟು ಇನ್ನೂ ಅದಾ ಅಂತಾರೆ. ಇಲ್ಲ ಅಂದ್ರೆ ಬೀಗದ್ ಕೈ ಕಿತ್ಕಂತಾರೆ. ನಂಗೆ ಇನ್ಯಾರವ್ರೆ ಹೇಳಿ? ಹತ್ ತಿಂಗ್ಳು ಕಳೀಲಿ. ಆಮೇಲೆ ಹಾಕಿ, ಬೇಕಾದ್ರೆ ದೊಡ್ಡಕ್ಷರದಲ್ಲಿ ಹಾಕಿ."

ಪುಟ್ಟತಾಯಮ್ಮ ಅಡಿಗೆಮನೆ ಬಾಗಿಲಿಗೆ ಬಂದರು. "ಹತ್ ತಿಂಗ್ಳಲ್ಲಿ ನಾನ್ ಸತ್ರೆ?"

"ನೀನ್ಯಾಕ್ ಸಾಯ್ತೀಯ?"

"ರಂಗಶೆಟ್ರು ಹೇಳ್ಬುಟ್ಟು ಸತ್ರಾ? ಏನೂಂದ್ರೆ, ಇಲ್ಕೇಳಿ. ಮಾನ ಹೋಗಿದ್ದು ನಿಮ್ದೊಬ್ರದೇ ಅಲ್ಲ. ದೀಪಾವಳಿಗೆ ಭಾಗ್ಯ ಬತ್ತಾಳೆ, ಅವ್ಳತ್ತೆನೂ ಬತ್ತಾಳೆ. ಆಯಮ್ಮನ ಕೈಲಿ ನಾನು ಪೇಪರ್ ಕೊಡ್ಬೇಕು. ಕೆಲ್ಸ ಹೋದ್ರೆ ಹೋಗ್ಲಿ, ಗಂಜಿ ಕಾಯಿಸ್ತೀನಿ."

"ಗಂಜಿ ನಂಗೊತ್ತು. ಮೂವತ್ತೊಂದ್ ವರ್ಸ ನಿಂತಿದ್ ಬಾಗ್ಲು ಅದು. ಕೊನೇಗೆ ನಡುವ್ನಲ್ಲಿ ಎಬ್ಬಿಸಿ ಕಳಿಸಿದ್ರು ಅನ್ನಿಸ್ಕಂಡು ಬರ್ಲಾ? ಆಗ ನಿದ್ದೆ ಮಾಡ್ತಿದ್ದುದ್ದು ದಿಟ ಅಂತಾರೆ ಜನ."

ಇಬ್ಬರ ಮಾತೂ ಸರಿಯಾಗಿತ್ತು. ನಾನು ಬರೆದದ್ದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ನೀವಿಬ್ಬರೂ ಒಪ್ಪುವವರೆಗೆ ಹಾಕುವುದಿಲ್ಲ ಎಂದೆ. ನಮ್ಮ ಪತ್ರಿಕೆಯಲ್ಲಿ ಹಾಗೆ ಯಾರ ಒಪ್ಪಿಗೆಗೂ ಕಾದ ರೂಢಿಯಿಲ್ಲ. ಆದರೆ ಒಂದು ಸಲ ಕೇಳದೆ ಹಾಕಿದ್ದೆ. ಎರಡನೇ ಸಲವೂ ಕೇಳದೆ ಹಾಕುವುದು ತಿದ್ದುಪಡಿ ಹೇಗಾಗುತ್ತದೆ?

ಆ ಕಾಗದ ನನ್ನ ಜೇಬಿನಲ್ಲಿ ಏಳು ವಾರ ಇತ್ತು. ಮಡಿಕೆಯಲ್ಲಿ ಹರಿದಾಗ ಇನ್ನೊಂದು ಹಾಳೆಯಲ್ಲಿ ಬರೆದುಕೊಂಡೆ. ಪುಟ್ಟತಾಯಮ್ಮ ಗಂಡನ ಜೊತೆ ಮಾತು ಬಿಟ್ಟಿದ್ದರು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಬೆಳಿಗ್ಗೆ ಎಂಟೂ ನಲವತ್ತಕ್ಕೆ ನನ್ನ ಮುಖಾಂತರ ಹೇಳುತ್ತಿದ್ದರು: "ಸಾರಿಗೆ ಉಪ್ಪು ಜಾಸ್ತಿ ಆಗದೆ ಅಂತ ಅವ್ರಿಗೇಳಿ ಸ್ವಾಮಿ, ಮೊಸ್ರು ಹಾಕ್ಕಳಾಕೆ." ನಾನು ವೀರಯ್ಯನವರಿಗೆ ಹೇಳುತ್ತಿದ್ದೆ, "ಮೊಸರು." ಅವರು ನಳಿಗೆ ತೋರಿಸುತ್ತಿದ್ದರು. ನಾನು 'ಖಾಲಿ' ಎನ್ನುತ್ತಿದ್ದೆ.

ದೀಪಾವಳಿಗೆ ಆರು ದಿನವಿರುವಾಗ, ಬಂದೂಕು ಹೆಗಲಿಗೆ ಹಾಕಿಕೊಂಡು ಹೊಸಿಲು ದಾಟುತ್ತಿದ್ದ ವೀರಯ್ಯನವರು ನಿಂತರು. "ಹಾಕ್ಬುಡಿ" ಎಂದರು. "ಆದ್ರೆ ಒಂದ್ ಮಾತು. ಆಫೀಸ್ನಲ್ಲಿ ಕೇಳುದ್ರೆ ನಾನ್ ಸುಳ್ಳು ಹೇಳಾಕಿಲ್ಲ. ಸಿಟ್ಟು ಹೋಗಿದ್ರೆ ಹೋಯ್ತು ಅಂತೀನಿ. ಆಮೇಲೆ ಇವ್ಳು ನನ್ ಮೇಲೆ ಬರ್ಬಾರ್ದು."

"ಬರಾಕಿಲ್ಲ ಅಂತ ಅವ್ರಿಗೇಳಿ" ಎಂದರು ಪುಟ್ಟತಾಯಮ್ಮ ಒಳಗಿನಿಂದ.

ತಿದ್ದುಪಡಿ ಮುಖಪುಟದ ಕೆಳಗೆ, ಮೂರು ಕಾಲಂ ಅಗಲದಲ್ಲಿ, ಹಳೆಯ ಫೋಟೋ ಇದ್ದ ಅದೇ ಜಾಗದಲ್ಲಿ ಬಂತು. ಚೀಟಿಯ ಚಿತ್ರ ಹಾಕಿದೆವು. ಈ ಸಲ ಹೆಸರು ಬರೆದೆ. ಕೊನೆಯ ಸಾಲು ಹೀಗಿತ್ತು: 'ಫೋಟೋ ತೆಗೆದ ವರದಿಗಾರ ಅವರನ್ನು ಮಾತನಾಡಿಸಿರಲಿಲ್ಲ.' ಬ್ಯಾಂಕಿನ ಮುಂದೆ ಜನ ವೀರಯ್ಯನವರನ್ನು ನಿಲ್ಲಿಸಿ ಕೈ ಹಿಡಿದರು. ಹೂ ಮಾರುವ ಹೆಂಗಸು, "ಅಯ್ಯೋ, ನಾನೂ ಎಷ್ಟ್ ಸಲ ಆಡ್ಕಂಡಿದೀನಪ್ಪ, ತಪ್ಪಾಯ್ತು" ಎಂದು ಒಂದು ಮೊಳ ಮಲ್ಲಿಗೆಯನ್ನು ಬಂದೂಕಿನ ಪಟ್ಟಿಗೇ ಸಿಕ್ಕಿಸಿದಳಂತೆ. ಬೀಗರಮ್ಮ ಬಂದದ್ದನ್ನು, ಪೇಪರು ಓದಿದ್ದನ್ನು ಪುಟ್ಟತಾಯಮ್ಮ ನನಗೆ ಮೂರು ಬೆಳಿಗ್ಗೆ ಹೇಳಿದರು. ಆಯಮ್ಮ ಪೂರ್ತಿ ಓದಿ, ಮಡಿಚಿಟ್ಟು, "ನಂಗೆ ಮೊದ್ಲೇ ಅನುಮಾನ ಇತ್ತು" ಎಂದರಂತೆ.

ಹಬ್ಬ ಮುಗಿದ ಐದನೇ ದಿನ ಪರವಾನಗಿ ಕಚೇರಿಯಿಂದ ಇಬ್ಬರಿಗೂ ನೋಟಿಸು ಬಂತು. ವಿಶಾಲಾಕ್ಷಿಯವರ ಮೇಜಿನ ಮೇಲೆ ನಮ್ಮ ಪತ್ರಿಕೆಯಿತ್ತು, ಪಕ್ಕದಲ್ಲಿ ರಾಜಿ ಫಾರಂ. ಅವರ ಮುಖದಲ್ಲಿ ಖುಷಿಯೇನೂ ಇರಲಿಲ್ಲ.

"ನಾನೂ ಓದಿದೆ. ಒಳ್ಳೆ ಕೆಲಸ ಮಾಡಿದ್ರಿ. ಆದ್ರೆ ನಾನು ಕೇಳಲೇಬೇಕು. ವೀರಯ್ಯನೋರೆ, ನಿಮ್ಮ ಅರ್ಜಿಲಿರೋ ಕಾರಣ ಈಗ ಇಲ್ಲ. ತಿರುಮಲಯ್ಯನೋರ ಮೇಲೆ ನಿಮಗೆ ಸಿಟ್ಟು ಉಳಿದಿದೆಯಾ? ಯೋಚನೆ ಮಾಡಿ ಹೇಳಿ. ನಂಗೇನೂ ಅವಸರ ಇಲ್ಲ."

ಕೊನೆಯ ವಾಕ್ಯವನ್ನು ಅವರು ಎರಡು ಸಲ ಹೇಳಿದರು. ವೀರಯ್ಯನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರು ನೋಡುತ್ತ ಕುಳಿತೆ. ವೀರಯ್ಯನವರು ನನ್ನನ್ನು ಕ್ಷಮಿಸದಿರಲಿ ಎಂದು ನಾನು ಹಾರೈಸುತ್ತಿದ್ದೆ. ಕ್ಷಮಿಸಲಿ ಎಂದೂ ಹಾರೈಸುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ.

"ಫೋಟೋದ್ದು ಹೋಯ್ತು" ಎಂದರು ವೀರಯ್ಯ. ಪುಟ್ಟತಾಯಮ್ಮನವರ ಗಂಜಿ ನನ್ನ ಕಣ್ಣ ಮುಂದೆ ಬಂತು. ವೀರಯ್ಯನವರು ತಡೆದು, ಸರಿಯಾದ ಮಾತಿಗಾಗಿ ಹುಡುಕುವವರಂತೆ ಟೋಪಿಯ ಅಂಚನ್ನು ಸುತ್ತ ತಿರುಗಿಸಿದರು. "ಪೇಪರ್ ಓದ್ದಾಗ ಹೋಯ್ತು ತಾಯಿ, ದಿಟ. ಅವತ್ತು ಊಟ ಸೇರ್ತು. ಆದ್ರೆ ರಾತ್ರಿ ಮಲಿಕ್ಕಂಡಾಗ ಲೆಕ್ಕ ಹಾಕ್ದೆ. ಇಷ್ಟ್ ಸಣ್ ಕೆಲ್ಸ. ಆಸ್ಪತ್ರೆಗೆ ಹೋಗಿ ಒಂದ್ ಪುಸ್ತಕ ನೋಡಾದು. ಅರ್ಧ ದಿನದ್ ಕೆಲ್ಸ. ಇದ್ನ ಇವ್ರು ಭಾಗ್ಯ ನಾಕ್ನೇ ಕ್ಲಾಸ್ನಲ್ಲಿದ್ದಾಗ್ಲೇ ಮಾಡ್ಬೋದಿತ್ತಲ್ಲ? ಅವ್ಳ ಮಕ್ಳು ಶಾಲೆಗೆ ಹೋಗಾಗಂಟ ಯಾಕ್ ಬೇಕಾಯ್ತು? ಅದು ಹೋಗಿಲ್ಲ. ಅದು ಹೊಸದು. ಹಳೇದ್ಕಿಂತ ಜಾಸ್ತಿನೇ ಅದೆ."

ವಿಶಾಲಾಕ್ಷಿಯವರು ರಾಜಿ ಫಾರಮನ್ನು ಡ್ರಾಯರಿಗೆ ಹಾಕಿ, ಅರ್ಜಿ ಎಳೆದುಕೊಂಡು, ಒಂಬತ್ತನೇ ಕಲಮಿನ ಹಳೆಯ ಕಾರಣದ ಮೇಲೆ ಗೆರೆ ಎಳೆದರು. ಅದರ ಮೇಲೆ 'ಹತ್ತೊಂಬತ್ತು ವರ್ಷ ತಡ ಮಾಡಿದ್ದು' ಎಂದು ಬರೆದು ನನ್ನ ಕಡೆ ತಿರುಗಿಸಿದರು. "ಇದು ನಿಜವಾ, ತಿರುಮಲಯ್ಯನೋರೆ?"

ನಿಜವಾಗಿತ್ತು. ಸಹಿ ಮಾಡಿದೆ. ನೋವಾಯಿತು, ಅದನ್ನೂ ಇಲ್ಲಿ ದಾಖಲಿಸುತ್ತೇನೆ. ಹೊರಗೆ ಬಂದ ಮೇಲೆ ಬ್ಯಾಂಕಿನವರೆಗೂ ಒಟ್ಟಿಗೇ ನಡೆದೆವು.

ವೀರಯ್ಯನವರು ಜೂನ್ ಮೂವತ್ತರಂದು, ಪೂರ್ತಿ ಅವಧಿ ಮುಗಿಸಿ, ಹಾರ ಹಾಕಿಸಿಕೊಂಡು ನಿವೃತ್ತರಾದರು. ಸುದ್ದಿ ಬರೆದವನು ನಾನೇ. ಪ್ರತಿ ವಾಕ್ಯವನ್ನೂ ಅವರಿಗೆ ಓದಿ ಹೇಳಿ ಬರೆದೆ. ಮರುದಿನ ಬಂದೂಕನ್ನೂ ತೋಟಾಗಳನ್ನೂ ಉಗ್ರಾಣಕ್ಕೆ ಒಪ್ಪಿಸಿದೆವು. ನಾನು ಬೀಗದ ಕೈಯನ್ನು ನೀಲಿ ಬಟ್ಟೆಯ ತುಂಡಿನ ಸಮೇತ ವಿಶಾಲಾಕ್ಷಿಯವರಿಗೆ ಕೊಟ್ಟೆ. ಬಂದೂಕೇ ಇಲ್ಲದ ಮೇಲೆ ಸಿಟ್ಟು ಇದೆಯೋ ಇಲ್ಲವೋ ಎಂದು ಕೇಳುವ ಅಧಿಕಾರ ಕಚೇರಿಗಿಲ್ಲ. ಅವರು ಕೇಳಲಿಲ್ಲ. ನನಗೂ ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ಎರಡು ವಾರ ಬೆಳಿಗ್ಗೆ ಎಂಟೂವರೆಯಾಗುತ್ತಲೇ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ. ಹದಿನೈದನೇ ದಿನ ಬಿಚ್ಚಲಿಲ್ಲ. ವೀರಯ್ಯನವರ ಮನೆ ಬಾಗಿಲು ತೆರೆದಿತ್ತು. ನಡುಮನೆಯ ಬೀರುವಿನ ಬಾಗಿಲೂ ತೆರೆದಿತ್ತು; ಒಳಗೆ ಪುಟ್ಟತಾಯಮ್ಮನವರ ರಾಗಿ ಡಬ್ಬಗಳು. ವೀರಯ್ಯನವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗೋಡೆಗೆ ಒರಗಿದ ತಲೆ, ಮಡಿಲಲ್ಲಿ ಕೈ, ಮುಚ್ಚಿದ ಕಣ್ಣು. ನಾನು ಮೆಟ್ಟಿಲ ಮೇಲೆಯೇ ನಿಂತೆ.

"ವೀರಯ್ಯನೋರೆ, ಮಲಗಿದೀರಾ?" ಎಂದು ಕೇಳಿದೆ.

"ಇಲ್ಲ" ಎಂದರು ಕಣ್ಣು ತೆರೆಯದೆ. "ಔಸ್ತಿ ಬುಟ್ಕಂಡಿದೀನಿ. ಪೊರೆ ತೆಗ್ಸುದ್ನಲ್ಲ. ಐದ್ ನಿಮ್ಸ." ಆಮೇಲೆ ತಲೆಯನ್ನು ಒಳಗಿನ ಕಡೆಗೆ ತುಸು ವಾಲಿಸಿ ಕೂಗಿದರು, "ಲೇ, ಪೇಪರ್‌ನೋರು ಬಂದವ್ರೆ. ಕಾಪಿ ಇಡು."

ಗಡಿಯಾರ ನೋಡಿಕೊಂಡೆ. ಎಂಟು ಗಂಟೆ ನಲವತ್ತೆರಡು ನಿಮಿಷ. ಎದುರಿಗೆ ಕುಳಿತು ಐದು ನಿಮಿಷ ಕಾದೆ.